‘ಟ್ರೇಸ್ ಮೆಟಲ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ವಿರಾಜಪೇಟೆ ಕಡೆ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಮಾಡಿ ಮಾರುವ ಒಂದು ಮಹಿಳಾ ಸಂಘವಿದೆ. ಗಾಜಿನ ಸೀಸೆಯೋ, ಪೆಟ್ ಬಾಟಲಿಯೋ ಎಂದು ಅವರಲ್ಲಿ ಮಾತು ನಡೆದಿತ್ತು. ಅವರಿಗೊಂದು ಕರಪತ್ರ ಬರೆಯಲು ಕೂತವನು ‘ಟ್ರೇಸ್ ಮೆಟಲ್’, ಅಂದರೆ ಬಾಟಲಿಯಂಥದ್ದರಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿರುವ ಲೋಹ, ಎಂಬಲ್ಲಿ ಸಿಕ್ಕಿಹಾಕಿಕೊಂಡೆ.

ಯಂತ್ರಾನುವಾದ ‘ಜಾಡು ಲೋಹ’ ಎಂದಿತು! ನಮ್ಮಲ್ಲಿ ಜಾಡು ಅಂದರೆ ಆನೆ ತೋಟದೊಳಗೆ ನಡೆದ ಗುರುತು. ‘ಲೇಶ ಲೋಹ’ವೂ ಒಗ್ಗಲಿಲ್ಲ. ‘ಲವಲೇಶವೂ ಇಲ್ಲ’ ಎಂದು ಇಲ್ಲದ್ದಕ್ಕೇ ಆ ಮಾತು ಬಳಸಿ ರೂಢಿ. ಇಲ್ಲಿ ಹೇಳಬೇಕಾದ್ದು ಸ್ವಲ್ಪವೇ ಆದರೂ ಇದೆ ಅಂತ. ಕಾಫಿ ಬೆಳೆಗಾರರು ಸತು, ಬೋರಾನ್‌ಗೆ ‘ಲಘು ಪೋಷಕಾಂಶ’ ಅನ್ನುತ್ತಾರಲ್ಲ, ಹಾಗೇ ‘ಲಘು ಲೋಹ’ ಎನ್ನೋಣವೆಂದರೆ ಅದು ಅಲ್ಯೂಮಿನಿಯಂ ಆಗಿಬಿಡುತ್ತದೆ. ಇಲ್ಲಿ ಮಾತಿಗೆ ಬರುವ ಸೀಸ, ಕ್ಯಾಡ್ಮಿಯಂ ಭಾರಲೋಹಗಳಾದ್ದರಿಂದ ಇನ್ನೂ ಗೊಂದಲ. ಸದ್ಯಕ್ಕೆ ‘ಕಿರುಪಾಲು ಲೋಹ’ ಎಂದು ಬರೆದಿದ್ದೇನೆ. ನಡೆಯುತ್ತದಾ?

ಇದಕ್ಕಿಂತ ತೊಡಕಿನದು ‘ಮೈಗ್ರೇಶನ್’, ಅಂದರೆ ಬಾಟಲಿಯಲ್ಲಿರುವ ಲೋಹ ಒಳಗಿನ ಪದಾರ್ಥಕ್ಕೆ ಸೇರುವುದು. ಪೆಟ್ ತಯಾರಿಸುವಾಗ ಸಾಮಾನ್ಯವಾಗಿ ಆಂಟಿಮನಿಯ (ಲೋಹಗಳ ಜೊತೆಗೇ ಎಣಿಸುವ ಒಂದು ಧಾತು) ಸಂಯುಕ್ತ ಬಳಸುತ್ತಾರೆ. ಅದು ಪ್ಲಾಸ್ಟಿಕ್‌ನಲ್ಲೇ ಉಳಿಯುತ್ತದೆ, ಕಿಲೋಗೆ ಸುಮಾರು 200ರಿಂದ 300 ಮಿಲಿಗ್ರಾಂ. ಇದನ್ನು ತಿಳಿಯಲು ಬಾಟಲಿಯ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ, ಪೂರ್ತಿ ಕರಗಿಸಿ ಅಳೆಯುತ್ತಾರೆ. ಆದರೆ ಅಷ್ಟೂ ಕಾಚಂಪುಳಿಗೆ ಸೇರುವುದಿಲ್ಲ. ಸೇರುವುದೆಷ್ಟು ಎಂದು ನೋಡುವ ಪರೀಕ್ಷೆ ಬೇರೆ. ಹುಳಿ ಪದಾರ್ಥದ ಬದಲು 3 ಶೇಕಡಾ ಅಸಿಟಿಕ್ ಆಮ್ಲ ತುಂಬಿ, 40 ಡಿಗ್ರಿಯಲ್ಲಿ 10 ದಿನ ಇಟ್ಟು, ಆಮ್ಲಕ್ಕೆ ಬಂದದ್ದನ್ನಷ್ಟೇ ಅಳೆಯುವುದು.

ಈ ವ್ಯತ್ಯಾಸ ಪದದಲ್ಲೇ ಕಾಣದಿದ್ದರೆ ಫಜೀತಿ. ಮೊದಲ ಕರಡು ಓದಿದ ಒಬ್ಬರು ಪ್ಲಾಸ್ಟಿಕ್‌ನ 300ನ್ನೂ, ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿದ ಲೀಟರ್‌ಗೆ 20 ಮೈಕ್ರೋಗ್ರಾಂ ಮಿತಿಯನ್ನೂ ಪಕ್ಕಪಕ್ಕ ಇಟ್ಟು ಗಾಬರಿಯಾದರು. ತಪ್ಪು ಅವರದಲ್ಲ. ನಾನು ‘ಲೋಹದ ವಲಸೆ’ ಎಂದು ಬರೆದಿದ್ದೆ. ವಲಸೆ ಅಂದರೆ ಇಲ್ಲಿ ಕಾಫಿ ಕುಯ್ಲಿಗೆ ಬರುವ ಜನ, ಅಲ್ವಾ?

ಈಗ ‘ಬಿಡು’ ಹಿಡಿದಿದ್ದೇನೆ. ಹೊಸ ಸೀರೆ ಬಣ್ಣ ಬಿಡುವ ಹಾಗೆ ಬಾಟಲಿ ಲೋಹ ಬಿಡುತ್ತದೆ, ಬಿಸಿಯಾದರೆ ಜಾಸ್ತಿ ಬಿಡುತ್ತದೆ. ‘ಬಾಟಲಿಯಲ್ಲಿ ಎಷ್ಟಿದೆ’, ‘ಬಾಟಲಿ ಎಷ್ಟು ಬಿಟ್ಟಿತು’ ಎಂದು ಎರಡು ಸಾಲು ಮಾಡಿದೆ. ಗಾಬರಿಯಾದವರಿಗೂ ಅರ್ಥವಾಯಿತು. ತೊಂದರೆ ಇರುವುದು ಪಟ್ಟಿಯ ತಲೆಬರಹದಲ್ಲಿ. ಅಲ್ಲೊಂದು ಹೆಸರುಪದ ಬೇಕು, ‘ಬಿಡುವಿಕೆ’ ಯಾಕೋ ಒರಟು. ಅಡುಗೆಮನೆಯಲ್ಲೋ ಬಣ್ಣ ಹಾಕುವವರಲ್ಲೋ ಇದಕ್ಕೊಂದು ಮಾತು ಇರಬೇಕು. ನಿಮ್ಮ ಕಡೆ ಏನನ್ನುತ್ತಾರೆ?