ಈಕೋ ವ್ಯಾನಿನಿಂದ 10 ವ್ಯಾಟ್ ಹ್ಯಾಮ್ ಸ್ಟೇಷನ್: ಆಂಪ್ಲಿಫೈಯರ್ ಬೇಕೇ ಬೇಕಾ?

ಘಾಟಿಸವಾರ:

ಎಲ್ಲರಿಗೂ ನಮಸ್ಕಾರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋಗೆ ಹೊಸಬ, ಲೈಸೆನ್ಸಿನಲ್ಲಿ ಕೊಟ್ಟ ಗುರುತು ವಿಯು3 ಕಾಲ್‌ಸೈನ್. ಕೆಲಸದ ಮೇಲೆ ಹಾಸನ, ಸಕಲೇಶಪುರ, ಮೂಡಿಗೆರೆ ಅಂತ ವಾರವಿಡೀ ಮಾರುತಿ ಈಕೋದಲ್ಲೇ ಓಡಾಟ. ಹಿಂದಿನ ಸೀಟಿನ ಮೇಲೆ ಮೈಕ್ರೋಬಿಟೆಕ್ಸ್ ಅನ್ನೋ 10 ವ್ಯಾಟಿನ ರೇಡಿಯೋ ಸೆಟ್ ಕೂರಿಸಿದ್ದೇನೆ. ಮೇಲಿನ ಕ್ಯಾರಿಯರ್‌ಗೆ ಎರಡು ಮೀಟರ್ ಉದ್ದದ ವಿಪ್ (ಕಡ್ಡಿ ಆ್ಯಂಟೆನಾ), ಮಧ್ಯದಲ್ಲಿ ಕಾಯಿಲ್. 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಬೆಂಗಳೂರಿನವರು, ಕೇರಳದವರು ಚೆನ್ನಾಗಿ ಕೇಳಿಸುತ್ತಾರೆ. ನಾನು ಕರೆದರೆ ಯಾರೂ ಉತ್ತರ ಕೊಡಲ್ಲ. ಇಂಜಿನ್ ಚಾಲೂ ಮಾಡಿದರೆ ಅವರೂ ಮಾಯ, ಬರೀ ಟಕಟಕ ಮತ್ತು ಕುಂಯ್ ಅನ್ನೋ ಸದ್ದು. ಎಸ್‌ಡಬ್ಲ್ಯುಆರ್ (ಆ್ಯಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅನ್ನೋ ಅಳತೆ, 1 ಇದ್ದರೆ ಪಕ್ಕಾ) 1.5 ತೋರಿಸುತ್ತದೆ, ಹಾಗಾಗಿ ಆ್ಯಂಟೆನಾ ಸರಿ ಇರಬೇಕು. 100 ವ್ಯಾಟ್ ಆಂಪ್ಲಿಫೈಯರ್ ತಗೊಳ್ಳೋಣ ಅಂತಿದ್ದೇನೆ. ಏನಂತೀರಿ?

ತೋಟದತಂತಿ, ಸಾಗರ:

ದಯವಿಟ್ಟು ತಗೊಳ್ಳಬೇಡಿ. ನಾನು ಇಷ್ಟು ವರ್ಷ ಕಮ್ಮಿ ಪವರ್‌ನಲ್ಲೇ ಇದ್ದೇನೆ, ಇಲ್ಲಿ ಹೊಸಬರು ಮೊದಲು ದುಡ್ಡು ಸುರಿಯೋದೇ ಆಂಪ್ಲಿಫೈಯರ್‌ಗೆ ಅಂತ ನನಗೆ ನಿಜವಾಗಿ ಬೇಜಾರು.

7 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗ, ಅಂದರೆ ಪೂರ್ತಿ ಕಡ್ಡಿ ಇರಬೇಕಾದ ಉದ್ದ, ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮದು ಎರಡು ಮೀಟರ್. ಅಷ್ಟು ಗಿಡ್ಡ ಕಡ್ಡಿಯ ವಿಕಿರಣ ಪ್ರತಿರೋಧ (ಪವರನ್ನು ಗಾಳಿಗೆ ಕಳಿಸೋ ಪಾಲು) ಒಂದೆರಡು ಓಮ್ ಮಾತ್ರ. ಮ್ಯಾಚಿಂಗ್ (ಸೆಟ್ಟಿನ 50 ಓಮ್‌ಗೆ ಹೊಂದಿಸೋ ಭಾಗ) ಏನೂ ಹಾಕದೆ ಎಸ್‌ಡಬ್ಲ್ಯುಆರ್ 1.5 ಬಂದಿದ್ದರೆ ಖುಷಿಪಡಬೇಡಿ. ಒಟ್ಟು ಸುಮಾರು 33 ಓಮ್ ಇದೆ, ಅದರಲ್ಲಿ ಉಳಿದ ಮೂವತ್ತು ಚಿಲ್ಲರೆ ಓಮ್ ಕಾಯಿಲ್‌ನಲ್ಲಿ, ವ್ಯಾನಿನ ಬಾಡಿಯಲ್ಲಿ, ಕೆಳಗಿನ ನೆಲದಲ್ಲಿ ಬಿಸಿಯಾಗಿ ಹೋಗ್ತಿದೆ ಅಂತಲೇ ಅರ್ಥ. ನಿಮ್ಮ 10 ವ್ಯಾಟಿನಲ್ಲಿ ಒಂದು ವ್ಯಾಟೂ ಗಾಳಿಗೆ ಹೋಗ್ತಿಲ್ಲ.

ಈಗ ಆಂಪ್ಲಿಫೈಯರ್ ಲೆಕ್ಕ ನೋಡಿ. 10 ವ್ಯಾಟ್ 100 ಆದರೆ 10 ಡೆಸಿಬೆಲ್. ಕೇಳೋನ ಮೀಟರಿನಲ್ಲಿ ಎರಡು ಎಸ್ ಯೂನಿಟ್ (ಒಂದೊಂದೂ 6 ಡೆಸಿಬೆಲ್‌ನ ಹೆಜ್ಜೆ) ಕೂಡ ಪೂರ್ತಿ ಏರಲ್ಲ. ಅದಕ್ಕೆ ಬ್ಯಾಟರಿಯಿಂದ ಇಪ್ಪತ್ತು ಆಂಪಿಯರ್ ಎಳೀಬೇಕು. ಅದೇ 10 ಡೆಸಿಬೆಲ್ ನಿಮಗೆ ಇಪ್ಪತ್ತು ಮೀಟರ್ ತಂತಿಯಿಂದ ಸಿಗುತ್ತದೆ, ಅದೂ ಕೆಲವು ನೂರು ರೂಪಾಯಿಗೆ.

ಗಾಡಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ. ಎತ್ತರದ ಕಂಬ ಒಂದನ್ನು ಕ್ಯಾರಿಯರ್‌ಗೆ ಕಟ್ಟಿ, ತುದಿಯಿಂದ ಎರಡೂ ಕಡೆ ತಲಾ ಹತ್ತು ಮೀಟರ್ ತಂತಿ ಇಳಿಜಾರಾಗಿ ಎಳೆದು, ತುದಿಗಳನ್ನು ನೈಲಾನ್ ಹಗ್ಗದಿಂದ ಬೇಲಿಗೋ ಗಿಡಕ್ಕೋ ಬಿಗಿಯಿರಿ. ತಂತಿಯ ತುದಿ ಆಳೆತ್ತರಕ್ಕಿಂತ ಮೇಲಿರಲಿ, ಯಾರೂ ಮುಟ್ಟಬಾರದು. ನಡುವಿನಿಂದ ಸೆಟ್ಟಿಗೆ ಕೋಆಕ್ಸ್ ಕೇಬಲ್. ತಂತಿ ಇಷ್ಟು ತಗ್ಗಲ್ಲಿದ್ದರೆ ಸಿಗ್ನಲ್ ನೇರ ಮೇಲೆ ಹೋಗಿ, ಅಯಾನುಗೋಳಕ್ಕೆ (ವಾತಾವರಣದ ಮೇಲಿನ ಪದರ) ತಾಗಿ ಮೂರ್ನಾಲ್ಕು ನೂರು ಕಿಲೋಮೀಟರ್ ಸುತ್ತ ಬಂದು ಬೀಳುತ್ತದೆ. ನಿಮಗೆ ಬೇಕಾದ್ದೂ ಅದೇ ಅಲ್ವಾ? ಘಟ್ಟದ ಗುಂಡಿಯಲ್ಲಿ ನಿಂತರೂ ಹಗಲು ಹೊತ್ತು ಬೆಂಗಳೂರು ಸಿಗುತ್ತದೆ.

ಕಂಬದ ವಿಷಯ ಒಂದು ಮಾತು. ನಮ್ಮ ಕಡೆ ಈಗ ಅಡಿಕೆ ಕೊನೆ ಇಳಿಸೋಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಮಡಚಬಹುದು, ನೋಡಿದರೆ ಆ್ಯಂಟೆನಾಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ. ತಂತಿಯನ್ನು ಅದರ ಉದ್ದಕ್ಕೆ ಸುತ್ತಿದರೆ ಟ್ಯೂನಿಂಗ್ ಎಲ್ಲೋ ಓಡಿಹೋಗುತ್ತದೆ. ಗ್ಲಾಸ್ ಫೈಬರ್ ಗಾಳದ ಕಡ್ಡಿ ತಗೊಳ್ಳಿ, ಇಲ್ಲಾಂದ್ರೆ ಒಣಗಿದ ಬಿದಿರು ಸಾಕು. ಮೇಲೆ ಕರೆಂಟ್ ತಂತಿ ಹಾದುಹೋಗೋ ಕಡೆ ಮಾತ್ರ ಯಾವ ಕಂಬವನ್ನೂ ಎತ್ತಲೇಬೇಡಿ.

ಕೆಪಾಸಿಟರ್ ಕಾಕಾ:

ಸದ್ದಿನ ಬಗ್ಗೆ ಮಾತ್ರ ಹೇಳ್ತೀನಿ. ಆಕ್ಸಿಲರೇಟರ್ ಒತ್ತಿದಾಗ ಟಕಟಕ ಜೋರಾಗಿ ಬೇಗಬೇಗ ಬಂದರೆ ಅದು ಸ್ಪಾರ್ಕ್ ಪ್ಲಗ್. ಕುಂಯ್ ಅನ್ನೋದರ ಸ್ವರ ಏರಿದರೆ ಆಲ್ಟರ್ನೇಟರ್, ಅದು ಸಾಮಾನ್ಯವಾಗಿ ಪವರ್ ವೈರಿನಿಂದಲೇ ಒಳಗೆ ಬರುತ್ತದೆ. ಇಂಜಿನ್ ಆಫ್ ಆದಮೇಲೂ ಗೊರಗೊರ ಉಳಿದರೆ ಸಿಗರೇಟ್ ಸಾಕೆಟ್‌ನಲ್ಲಿರೋ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ನೀವು 10 ವ್ಯಾಟಿನವರು, ಗಾಡಿ ಬ್ಯಾಟರಿ ತಂಟೆಗೇ ಹೋಗಬೇಡಿ. ಮಾತಾಡುವಾಗ ಮೈಕ್ರೋಬಿಟೆಕ್ಸ್ ಎಳೆಯೋದು ಎರಡು ಎರಡೂವರೆ ಆಂಪಿಯರ್. ನಾಲ್ಕು ಸೆಲ್ಲಿನ ಲಿಥಿಯಂ ಫಾಸ್ಫೇಟ್ ಪ್ಯಾಕ್, 12.8 ವೋಲ್ಟ್, ಪಕ್ಕದಲ್ಲಿಟ್ಟರೆ ಒಂದು ಸಂಜೆಗೆ ಧಾರಾಳ. ಫ್ಯೂಸ್ ಮರೀಬೇಡಿ.

ಇನ್ನು ಆ ಕ್ಯಾರಿಯರ್. ಅದು ರಬ್ಬರ್ ಮತ್ತು ಪೇಂಟಿನ ಮೇಲೆ ಕೂತಿರುತ್ತದೆ, ಬಾಡಿಗೆ ಸರಿಯಾಗಿ ಅಂಟಿರಲ್ಲ. ಪೇಂಟ್ ಕೆರೆದು, ಅಗಲವಾದ, ಹೆಣೆದ ತಾಮ್ರದ ಪಟ್ಟಿ ಬ್ರೇಡ್‌ನಿಂದ ಕ್ಯಾರಿಯರ್, ಬಾಡಿ, ಹಿಂದಿನ ಬಾಗಿಲು ಮೂರನ್ನೂ ಸೇರಿಸಿ. ಆಮೇಲೆ ಎಸ್‌ಡಬ್ಲ್ಯುಆರ್ ಕೆಟ್ಟರೆ ಗಾಬರಿಯಾಗಬೇಡಿ. ನಷ್ಟ ಕಮ್ಮಿಯಾಗಿದೆ ಅಂತ ಅರ್ಥ. ಆಗ ಮ್ಯಾಚಿಂಗ್ ಮಾಡ್ಕೊಳ್ಳಿ.

ಮೂಲೆಮನೆ:

ನಾನು ವಿಪ್ ಪರ! ಪ್ರತಿ ಸಲ ತಂತಿ ಎಳೆಯೋಕೆ ಪುರುಸೊತ್ತು ಎಲ್ಲಿರುತ್ತದೆ? ಅದೇ ಎರಡು ಮೀಟರ್ ಕಡ್ಡಿಯನ್ನ 28 ಮೆಗಾಹರ್ಟ್ಸ್‌ಗೆ ಹಾಕಿ. ಅಲ್ಲಿ ಕಾಲು ತರಂಗ ಎರಡೂವರೆ ಮೀಟರ್, ಕಾಯಿಲ್ ಹೆಸರಿಗಷ್ಟೇ ಬೇಕು. ಮೈಕ್ರೋಬಿಟೆಕ್ಸ್ ಪವರ್ ಆ ಬ್ಯಾಂಡಿನಲ್ಲಿ ತುಂಬ ಇಳಿಯುತ್ತದೆ ನಿಜ. ಆದರೂ ಬ್ಯಾಂಡ್ ತೆರೆದಾಗ, ಅಂದರೆ ದೂರದ ಸಿಗ್ನಲ್ ಬರೋ ಹೊತ್ತಿನಲ್ಲಿ, ಎರಡು ವ್ಯಾಟ್ ಸಮುದ್ರ ದಾಟುತ್ತದೆ. ಊರೂರ ನಡುವೆ ಮಾತಾಡೋಕೆ 145 ಮೆಗಾಹರ್ಟ್ಸ್ ಎಫ್‌ಎಂ ಸೆಟ್ ಇಟ್ಕೊಳ್ಳಿ. ಅಲ್ಲಿ ಅರ್ಧ ಮೀಟರ್ ಕಡ್ಡಿ ಪೂರ್ತಿ ಆ್ಯಂಟೆನಾ, ವ್ಯಾನಿನ ಟಾಪ್ ಮಧ್ಯೆ ಕೂರಿಸಿ.

ತೋಟದತಂತಿ, ಸಾಗರ:

28ರ ಮಾತು ಒಪ್ಪಿದೆ, ಒಳ್ಳೇ ಸಲಹೆ. ಆದರೆ ಅವರು ಕೇಳ್ತಿರೋದು ಬೆಂಗಳೂರು, ಕೇರಳ. ಆ ದೂರಕ್ಕೆ 28 ಹಾರಿ ಮುಂದೆ ಹೋಗುತ್ತದೆ.

ಘಾಟಿಸವಾರ:

ತುಂಬ ಥ್ಯಾಂಕ್ಸ್. ಭಾನುವಾರ ಸಕಲೇಶಪುರದ ಹತ್ತಿರ ಸ್ನೇಹಿತರ ಕಾಫಿ ತೋಟದಲ್ಲಿ ಬಿದಿರು ಕಟ್ಟಿ ತಂತಿ ಎಳೆದೆ. ಮೊದಲು ಟ್ಯೂನಿಂಗ್ 6.9 ಮೆಗಾಹರ್ಟ್ಸ್‌ನಲ್ಲಿ ಕೂತಿತ್ತು. ಎರಡೂ ತುದಿ ಸ್ವಲ್ಪ ಸ್ವಲ್ಪ ಮಡಚುತ್ತಾ ಬಂದು 7.1ಕ್ಕೆ ತಂದೆ. ಮೊದಲ ಕರೆಗೇ ಕೊಯಮತ್ತೂರಿನವರು ಉತ್ತರ ಕೊಟ್ಟರು, 5-7 ರಿಪೋರ್ಟ್ (ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಎಸ್ 7). ಆಮೇಲೆ ಮೈಸೂರು. ಕೈ ನಡುಗ್ತಿತ್ತು ಸರ್. ಆಂಪ್ಲಿಫೈಯರ್ ಯೋಚನೆ ಬಿಟ್ಟೆ. ಸಂಜೆ ಹೊತ್ತು ರಸ್ತೆ ಬದಿ ನಿಲ್ಲಿಸಿ ಮಾಡಬಹುದಾ?

ತೋಟದತಂತಿ, ಸಾಗರ:

ಭಲೇ! ಓದಿ ಖುಷಿಯಾಯ್ತು. ನಿಮ್ಮ ಕಡೆ ಸಂಜೆ ಬೇಡ, ಆನೆ ಓಡಾಡೋ ಜಾಗ. ನಾಲ್ಕು ಗಂಟೆಗೇ ತಂತಿ ಸುತ್ತಿಬಿಡಿ. ಏಪ್ರಿಲ್, ಮೇನಲ್ಲಿ ದೂರದಲ್ಲಿ ಗುಡುಗಿದರೂ ಕೋಆಕ್ಸ್ ಕಿತ್ತು ಕಂಬ ಇಳಿಸಿ. ಲೈಸೆನ್ಸ್‌ನಲ್ಲಿ ಸ್ಟೇಷನ್ ಜಾಗದ ಬಗ್ಗೆ, ಗಾಡಿಯಿಂದ ಮಾತಾಡೋದರ ಬಗ್ಗೆ ಏನು ಷರತ್ತಿದೆ ಅಂತ ಒಮ್ಮೆ ಪೂರ್ತಿ ಓದಿ. ಅದರ ಪ್ರತಿ ಮತ್ತು ಲಾಗ್ ಪುಸ್ತಕ ವ್ಯಾನಿನಲ್ಲೇ ಇರಲಿ. ಪೊಲೀಸರು ಬಂದು ಏನಿದು ಅಂತ ಕೇಳಿದರೆ ತೋರಿಸಿ, ಹೆಡ್‌ಫೋನ್ ಕೊಟ್ಟು ಕೇಳಿಸಿ. ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ 7.1 ಹತ್ತಿರ ಇರ್ತೀನಿ, ಕರೀರಿ.