‘ಕಾಲುವೆ ದಾಟಿದೆವು’ ಅನ್ನಬಹುದಾ? ಹಾಯಿದೋಣಿಯ ಒಂದು ಕ್ರಿಯಾಪದ

ನಮಸ್ಕಾರ. ಒಂದು ಕ್ರಿಯಾಪದ ಮೂರು ದಿನದಿಂದ ತಲೆಯಲ್ಲಿ ಕೂತಿದೆ, ಸಹಾಯ ಬೇಕು.

ನನ್ನ ತಂಗಿ ಮಗ ನಲವತ್ತು ಅಡಿಯ ಹಾಯಿದೋಣಿಯಲ್ಲಿ ಹಗ್ಗ ಹಿಡಿಯುವವನಾಗಿ ಪನಾಮಾ ಕಾಲುವೆಯಲ್ಲಿ ಹೋಗಿ ಬಂದ. ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಅವನ ಅಜ್ಜಿ, ಅಂದರೆ ನಮ್ಮಮ್ಮ, ಓದಲಿ ಅಂತ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲು ‘ನಾವು ಕಾಲುವೆ ದಾಟಿದೆವು’ ಅಂತ ಬರೆದೆ. ಅಮ್ಮ ಓದಿ, “ಆ ದಡದಲ್ಲಿ ಏನಿತ್ತಂತೆ?” ಅಂದರು. ಅವರು ಕೇಳಿದ್ದು ಸರಿ. ಮಂಡ್ಯ ಕಡೆಯ ನಮಗೆ ನಾಲೆ ದಾಟೋದು ಅಂದರೆ ಗದ್ದೆಗೆ ಹೋಗುವಾಗ ಅಡ್ಡಕ್ಕೆ ದಾಟೋದು. ಹುಡುಗ ಹೋಗಿದ್ದು ಉದ್ದಕ್ಕೆ, ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ, ಸುಮಾರು 80 ಕಿಲೋಮೀಟರ್.

ಆಮೇಲೆ ‘ಹಾದು ಹೋದೆವು’ ಅಂತ ತಿದ್ದಿದೆ. ರೈಲು ಊರಿನ ಮೂಲಕ ಹಾದು ಹೋಗುತ್ತೆ ಅಂತೀವಲ್ಲ, ಹಾಗೆ. ಆದರೆ ಧಾರವಾಡದ ಗೆಳೆಯರೊಬ್ಬರು, ‘ಹೊಳೆ ಹಾಯೋದು’ ಅಂದರೆ ನಮ್ಮಲ್ಲಿ ಅಡ್ಡಕ್ಕೇ ದಾಟೋದು ಅಂದರು. ಅಲ್ಲಿಗೆ ಮತ್ತೆ ಅದೇ ತೊಡಕು. ಅವರೇ ಕೊಟ್ಟ ಪದ ನನಗೆ ತುಂಬಾ ಹಿಡಿಸಿತು: ‘ಕಾಲುವೆಗುಂಟ’. ದಾರಿಗುಂಟ, ಹೊಳೆಗುಂಟ ಇದ್ದ ಹಾಗೆ. ‘ಕಾಲುವೆಗುಂಟ ಹಾದು ಹೋದೆವು’ ಅಂದರೆ ಉದ್ದಕ್ಕೆ ಅನ್ನೋದು ಒಂದೇ ಪದದಲ್ಲಿ ಬಂತು. ಆದರೆ ಉತ್ತರ ಕರ್ನಾಟಕದವರು ಹೇಳಿ, ಹೊಳೆಗುಂಟ ಅಂದಾಗ ಮನಸ್ಸಿಗೆ ಬರೋದು ದಡದ ಮೇಲೆ ನಡೆಯೋದು ಮಾತ್ರವಾ, ನೀರಲ್ಲಿ ದೋಣಿ ಮೇಲೆ ಹೋಗುವಾಗಲೂ ಆ ಮಾತು ಸಲ್ಲುತ್ತಾ?

‘ಹಾಯಿ’ಗೂ ‘ಹಾಯು’ಗೂ ನಂಟಿದೆ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಈಗ ಬೇರೆ ಬೇರೆ ಪದ ಅನ್ನಿಸುತ್ತೆ. ತಮಿಳಿನ ‘ಪಾಯ್’ಗೆ ಚಾಪೆ ಅನ್ನೋ ಅರ್ಥವೂ ಇದೆ, ಹಾಯಿ ಅನ್ನೋ ಅರ್ಥವೂ ಇದೆ, ನಮ್ಮಲ್ಲಿ ಪಕಾರ ಹಕಾರವಾಗಿ ಹಾಯಿ ಆಯ್ತು. ಚಾಪೆ ಹೆಣೆದು ಕಂಬಕ್ಕೆ ಕಟ್ಟಿ ಗಾಳಿ ಹಿಡಿದವರ ಪದ ಅದು. ಪನಾಮಾದಲ್ಲಿ ಮಾತ್ರ ಹಾಯಿ ಏರಿಸೋ ಹಾಗಿಲ್ಲ, ಇಂಜಿನ್ ಹಾಕಿಕೊಂಡೇ ಹೋಗಬೇಕು. ಹಾಗಾಗಿ ‘ಹಾಯಿ ಬಿಚ್ಚಿ ಸಾಗಿದರು’ ಅಂತ ಎಲ್ಲೂ ಬರೆದಿಲ್ಲ.

ಎರಡನೆಯದು ‘ಲಾಕ್’. ಒಂದು ಕಡೆ ಇದನ್ನು ‘ಬೀಗ’ ಅಂತಲೇ ಬರೆದಿದ್ದನ್ನು ಓದಿದೆ, ಅದು ಪೂರ್ತಿ ತಪ್ಪು. ಅದು 305 ಮೀಟರ್ ಉದ್ದ, 33.5 ಮೀಟರ್ ಅಗಲದ ಕಾಂಕ್ರೀಟ್ ತೊಟ್ಟಿ, ಎರಡೂ ತುದಿಗೆ ಕದ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಿ, ಮೇಲಿನ ಸರೋವರದ ನೀರನ್ನು ನೆಲದ ಕಂಡಿಗಳಿಂದ ಒಳಗೆ ಬಿಡುತ್ತಾರೆ. ಪಂಪಿಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತೆ, ಕೆರೆಯ ತೂಬು ಎತ್ತಿದ ಹಾಗೆ. ಅಟ್ಲಾಂಟಿಕ್ ಕಡೆಯ ಗಟೂನಿನಲ್ಲಿ ಇಂಥ ಮೂರು ತೊಟ್ಟಿ ಹತ್ತಿದರೆ ಸಮುದ್ರಕ್ಕಿಂತ ಸುಮಾರು 26 ಮೀಟರ್ ಮೇಲಿನ ಸರೋವರ. ಪೆಸಿಫಿಕ್ ಕಡೆ ಪೆಡ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು ಇಳಿಯಬೇಕು. ನಾನು ‘ಮೆಟ್ಟಿಲುತೊಟ್ಟಿ’ ಅಂತ ಬರೆದಿದ್ದೇನೆ. ಅಮ್ಮನಿಗೆ ವಿವರಣೆ ಇಲ್ಲದೆ ಅರ್ಥವಾಯ್ತು, ನನಗೆ ಅಷ್ಟು ಸಾಕು. ಇದಕ್ಕಿಂತ ಒಳ್ಳೆಯ ಪದ ಇದ್ದರೆ ಖಂಡಿತ ಬದಲಿಸುತ್ತೇನೆ.

ಕೊನೆಯದು ಕರಾವಳಿಯವರಿಗೆ. ತೊಟ್ಟಿಯ ಗೋಡೆ ಮೇಲಿಂದ ಕೆಲಸದವನೊಬ್ಬ ತುದಿಗೆ ಗುಂಡು ಗಂಟಿರೋ ಸಣ್ಣ ಹಗ್ಗ ಎಸೆಯುತ್ತಾನೆ. ಹುಡುಗ ಅದಕ್ಕೆ ದೋಣಿಯ ದಪ್ಪ ಹಗ್ಗ ಕಟ್ಟಿಕೊಡಬೇಕು, ಅವನು ಮೇಲೆಳೆದು ಗೂಟಕ್ಕೆ ಹಾಕುತ್ತಾನೆ. ದೋಣಿಗೆ ಇಂಥ ಹಗ್ಗ ನಾಲ್ಕು, ಒಂದೊಂದೂ 125 ಅಡಿ, ಒಂದೊಂದಕ್ಕೂ ಒಬ್ಬೊಬ್ಬರು. ನೀರು ಕುದಿಯೋ ಹಾಗೆ ಸುಳಿ ತಿರುಗುತ್ತಾ ಏರುತ್ತೆ, ದೋಣಿ ಏರಿದಷ್ಟೂ ಹಗ್ಗ ಜೋಲು ಬೀಳುತ್ತೆ, ಬಿದ್ದ ಜೋಲನ್ನು ಆಗಾಗಲೇ ಎಳೆದುಕೊಳ್ಳುತ್ತಾ ಇರಬೇಕು, ಇಲ್ಲದಿದ್ದರೆ ದೋಣಿ ತಿರುಗಿ ಗೋಡೆಗೆ ಬಡಿಯುತ್ತೆ. ಈ ‘ಜೋಲು ಎಳೆದುಕೊಳ್ಳೋದು’ ಅನ್ನೋದಕ್ಕೆ ಮೀನುಗಾರರ ಬಾಯಲ್ಲಿ ಒಂದೇ ಮಾತು ಇರಲೇಬೇಕು ಅಲ್ವಾ? ಮಲ್ಪೆ, ಹೊನ್ನಾವರ, ಕಾರವಾರ, ಯಾವ ಕಡೆಯ ಮಾತಾದರೂ ಸರಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ.