ಟ್ರಿಂಕಾಮಲಿಯ ಕೋಟೆಗಳು ಬಂದರನ್ನು ಏಕೆ ಉಳಿಸಿಕೊಳ್ಳಲಿಲ್ಲ?

ಪ್ರಶ್ನೆ:
ಈಚೆಗೆ ಶ್ರೀಲಂಕಾ ಪ್ರವಾಸದಲ್ಲಿ ಟ್ರಿಂಕಾಮಲಿಯ ಕೋಣೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ದೇವಸ್ಥಾನದ ದಾರಿ ಫ್ರೆಡ್ರಿಕ್ ಕೋಟೆಯ ಬಾಗಿಲಿನೊಳಗಿಂದಲೇ ಹಾದುಹೋಗುತ್ತದೆ. ಒಳಗೆ ಇಂದಿಗೂ ಸೈನ್ಯದ ಶಿಬಿರವಿದ್ದು, ಜಿಂಕೆಗಳು ಮಾತ್ರ ಯಾರ ಹಂಗೂ ಇಲ್ಲದೆ ಅಡ್ಡಾಡಿಕೊಂಡಿವೆ. ಬಂಡೆಯ ನೆತ್ತಿಯಿಂದ ನೇರ ಕೆಳಗೆ ಸಮುದ್ರ ಕಾಣುತ್ತದೆ. ಹಡಗಿನಲ್ಲಿ ಬಂದವರು ಇದನ್ನು ಹತ್ತುವುದು ಅಸಾಧ್ಯವೆನಿಸಿತು. ಹಾಗಿದ್ದೂ ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಬ್ರಿಟಿಷರು ಎಂದು ಈ ಸ್ಥಳ ಕೈಯಿಂದ ಕೈಗೆ ಹೋದದ್ದು ಹೇಗೆ? ಇದಕ್ಕಾಗಿ ಅಷ್ಟು ಹೊಡೆದಾಟವಾದರೂ ಏಕೆ?

ಉತ್ತರ 1:
ಹೊಡೆದಾಟಕ್ಕೆ ಕಾರಣ ಹಿಂಗಾರು. ಹಾಯಿಹಡಗುಗಳ ಕಾಲದಲ್ಲಿ ಚೋಳಮಂಡಲ ಕರಾವಳಿಯಲ್ಲಿ ಆಸರೆಯ ಬಂದರೇ ಇರಲಿಲ್ಲ. ಮದರಾಸಿನಲ್ಲಿಯೂ ಹಡಗುಗಳು ಬಯಲು ಕಡಲಿನಲ್ಲಿ ಲಂಗರು ಹಾಕಬೇಕಿತ್ತು. ಅಕ್ಟೋಬರ್ ಬಂತೆಂದರೆ ಬ್ರಿಟಿಷ್ ನೌಕಾಪಡೆ ಬಿರುಗಾಳಿಗೆ ಹೆದರಿ ಬೊಂಬಾಯಿಯವರೆಗೂ ಸುತ್ತಿಕೊಂಡು ಹೋಗುತ್ತಿತ್ತು. ಎರಡೂ ಮಳೆಗಾಲಗಳಲ್ಲಿ ಹಡಗುಗಳನ್ನು ಕಾಯಬಲ್ಲ, ಆಳವಾದ ಟ್ರಿಂಕಾಮಲಿ ಯಾರ ವಶದಲ್ಲಿದೆಯೋ ಅವರಿಗೆ ಬಂಗಾಳ ಕೊಲ್ಲಿಯಲ್ಲಿ ಬಹು ದೊಡ್ಡ ಅನುಕೂಲವಿತ್ತು.

ಇನ್ನು "ಹೇಗೆ" ಎಂಬುದಕ್ಕೆ 1782ನೇ ವರ್ಷವೊಂದೇ ಸಾಕು. ಜನವರಿಯಲ್ಲಿ ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಇದನ್ನು ಡಚ್ಚರಿಂದ ಕಿತ್ತುಕೊಂಡ. ಆಗ ನಮ್ಮ ಹೈದರ್ ಅಲಿ ಬ್ರಿಟಿಷರ ವಿರುದ್ಧ ಎರಡನೆಯ ಮೈಸೂರು ಯುದ್ಧದಲ್ಲಿದ್ದ. ಜುಲೈನಲ್ಲಿ ಕಡಲೂರಿನ ಬಳಿ ಅವನನ್ನು ಕಂಡ ಫ್ರೆಂಚ್ ನೌಕಾಧಿಪತಿ ಸಫ್ರೆನ್, ಆಗಸ್ಟ್ ಕೊನೆಯಲ್ಲಿ ಇಲ್ಲಿಗೆ ಬಂದು ಸೈನಿಕರನ್ನು ದಡಕ್ಕಿಳಿಸಿ, ನೆಲದ ಕಡೆಯಿಂದ ಫಿರಂಗಿ ಹೂಡಿ, ಕೆಲವೇ ದಿನಗಳಲ್ಲಿ ಕೋಟೆಗಳನ್ನು ಗೆದ್ದ. ಸೆಪ್ಟೆಂಬರ್ 2ರಂದು ನೆರವಿಗೆ ಬಂದ ಹ್ಯೂಸ್‌ಗೆ ಕಂಡದ್ದು ಕೋಟೆಯ ಮೇಲಿನ ಫ್ರೆಂಚ್ ಬಾವುಟ. ಮರುದಿನ ಕಡಲಿನಲ್ಲಿ ಘೋರ ಕಾಳಗವಾದರೂ ಊರು ಮರಳಿ ಸಿಗಲಿಲ್ಲ. ಶಾಂತಿ ಒಪ್ಪಂದದ ಬಳಿಕ ಡಚ್ಚರಿಗೆ ಹಿಂದಿರುಗಿದ ಇದನ್ನು ಬ್ರಿಟಿಷರು 1795ರಲ್ಲಿ ಮತ್ತೆ ಗೆದ್ದದ್ದೂ ಸೈನ್ಯವನ್ನು ದಡಕ್ಕಿಳಿಸಿಯೇ. ನೀವು ನೋಡಿದ ಕಡಿದಾದ ಬಂಡೆಯನ್ನು ಯಾರೂ ಹತ್ತಬೇಕಾಗಿ ಬರಲಿಲ್ಲ.

ಉತ್ತರ 2:
ಮೇಲಿನ ಮಾತಿಗೆ ಎರಡನೆಯ ಮಹಾಯುದ್ಧದ 1942ನ್ನೂ ಸೇರಿಸಬೇಕು. ಏಪ್ರಿಲ್ 5ರಂದು ಕೊಲಂಬೊ, 9ರಂದು ಟ್ರಿಂಕಾಮಲಿ ಜಪಾನೀ ವಿಮಾನಗಳ ದಾಳಿಗೆ ತುತ್ತಾದವು. ಬಂದರಿನ ಬಾಯಿಗೆ ಮುಖಮಾಡಿ ನಿಂತ ಫಿರಂಗಿಗಳು ಆಕಾಶದಿಂದ ಬಂದವರನ್ನು ಏನು ಮಾಡಿಯಾವು? ದಾಳಿಯ ಮುನ್ಸೂಚನೆ ಸಿಕ್ಕಿದ್ದರಿಂದ ಹಡಗುಗಳನ್ನು ಮೊದಲೇ ಹೊರಗೆ ಕಳಿಸಲಾಗಿತ್ತು. ಅವುಗಳಲ್ಲಿ ಒಂದಾದ ಹರ್ಮಿಸ್ ವಿಮಾನವಾಹಕ ನೌಕೆ, ಕಾದಾಡುವ ವಿಮಾನವೊಂದೂ ತನ್ನ ಮೇಲಿಲ್ಲದೆ, ಬಂದರಿಗೆ ಮರಳುವ ದಾರಿಯಲ್ಲಿ ಬಟ್ಟಿಕಲೋವಾ ಬಳಿ ಸಿಕ್ಕಿಬಿದ್ದು ಮುಳುಗಿತು. ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಬ್ರಿಟಿಷ್ ಪೂರ್ವ ನೌಕಾಪಡೆಯ ಮುಖ್ಯ ಭಾಗ ಉಳಿದದ್ದು ಈ ಹೆಸರಾಂತ ಬಂದರಿನಿಂದಲ್ಲ, ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪದಲ್ಲಿ ಗುಟ್ಟಾಗಿ ಕಟ್ಟಿದ್ದ ನೆಲೆಯಿಂದ. ಜಪಾನೀಯರಿಗೆ ಅದರ ಸುಳಿವೇ ಇರಲಿಲ್ಲ.

ಉತ್ತರ 3:
ಶ್ರೀಲಂಕಾದ ನೌಕಾಪಡೆಗೂ ಇದೇ ಅನುಭವ. 1957ರಲ್ಲಿ ಬ್ರಿಟಿಷರು ನೆಲೆಯನ್ನು ಬಿಟ್ಟುಕೊಟ್ಟರು. 1995ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಮುಳುಗುಗಾರರು ಬಂದರಿನೊಳಗೇ ನುಸುಳಿ ಎರಡು ಗಸ್ತು ನೌಕೆಗಳನ್ನು ಸ್ಫೋಟಿಸಿದರು. 2006ರಲ್ಲಿ ಕೊಲ್ಲಿಯ ಆಚೆಯ ಸಂಪೂರ್‌ನಿಂದ ನೆಲೆಯ ಮೇಲೆ ಶೆಲ್‌ಗಳು ಬಿದ್ದವು. ಆ ಸೆಪ್ಟೆಂಬರ್‌ನಲ್ಲಿ ಭೂಸೇನೆ ಸಂಪೂರ್‌ನ್ನು ವಶಪಡಿಸಿಕೊಳ್ಳಬೇಕಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ದೇವಸ್ಥಾನದ ಬಂಡೆಯ ಮೇಲೆ ನಿಂತಾಗ ನಾವು ಕಡಲನ್ನೇ ನೋಡುತ್ತಿದ್ದೆವು. ಬೆನ್ನ ಹಿಂದಿನ ಊರಿನತ್ತ ತಿರುಗಿ ನೋಡಬೇಕೆಂದು ತೋಚಲೇ ಇಲ್ಲ.